ಸಿಹಿ ಚಹಾದ ಲೆಕ್ಕ

ಹಳಿಯಾಳ ಸಕ್ಕರೆ ಕಾರ್ಖಾನೆ ಇರುವ ಊರು. ಕಬ್ಬಿನ ಹಂಗಾಮಿನಲ್ಲಿ ರಸ್ತೆ ತುಂಬ ಟ್ರ್ಯಾಕ್ಟರುಗಳು. ಅಲ್ಲಿರಲಿ, ದಾಂಡೇಲಿ, ಜೋಯಿಡಾ, ಮುಂಡಗೋಡದಲ್ಲಿರಲಿ, ಮೆಹಮಾನರು ಬಂದರೆ ಮೊದಲು ಬರುವುದು ಸಿಹಿ ಚಹಾ. ಸಕ್ಕರೆ ಕಡಿಮೆಯಾದರೆ ಜಿಪುಣರೆಂದಾರು ಎಂಬ ಅಂಜಿಕೆ ಬೇರೆ!

ಸಹೋದರಿಯರೇ, ಒಮ್ಮೆ ಲೆಕ್ಕ ಹಾಕಿ. ಕಪ್ಪಿಗೆ ಎರಡು ಚಮಚದಂತೆ ನಾಲ್ಕು ಕಪ್ಪಿಗೆ ಎಂಟು ಚಮಚ, ಅಂದರೆ ಸುಮಾರು 32 ಗ್ರಾಂ. ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಬಿಸ್ಕತ್ತು, ಶೀರ್‌ಖುರ್ಮಾ, ಇಫ್ತಾರಿನ ಶರಬತ್ತು ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಸಕ್ಕರೆ ಹೊಟ್ಟೆಯಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಎಂದು ಒಡೆಯುತ್ತದೆ. ಫ್ರಕ್ಟೋಸಿನ ಹೆಚ್ಚಿನ ಭಾರ ಲಿವರಿನ ಮೇಲೆ; ಮಿತಿ ಮೀರಿದ್ದು ಅಲ್ಲೇ ಕೊಬ್ಬಾಗುತ್ತದೆ. ಶರಾಬನ್ನು ಕಣ್ಣಲ್ಲೂ ನೋಡದ ಮನೆಗಳಲ್ಲಿ ಲಿವರಿಗೆ ಕೊಬ್ಬು ಸೇರುವುದಕ್ಕೆ ಇದೂ ಒಂದು ಕಾರಣ. ಅಂಥ ಲಿವರ್ ಇನ್ಸುಲಿನ್ನಿನ ಮಾತು ಕೇಳುವುದಿಲ್ಲ. ಮುಂದೆ ಮಧುಮೇಹ ಬಂದರೆ ಕಣ್ಣು, ಮೂತ್ರಪಿಂಡ, ಕಾಲಿನ ನರಗಳಿಗೂ ಅಪಾಯ.

“ನಾವು ಬೆಲ್ಲ ತಿನ್ನುತ್ತೇವೆ” ಎನ್ನುವವರಿದ್ದಾರೆ. ಬೆಲ್ಲದ ಬಹುಭಾಗವೂ ಸಕ್ಕರೆಯೇ. ಜೇನಿನಲ್ಲಿ ಶಿಫಾ ಇದೆಯೆಂಬುದು ನಮ್ಮ ಈಮಾನ್. ಮಧುಮೇಹಿಗಳು ಬಾಟಲಿ ಖಾಲಿ ಮಾಡಲಿ ಎಂದು ಅದರ ಅರ್ಥವಲ್ಲ.

ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ, ಮಾಯದ ಗಾಯ, ಮರುಕಳಿಸುವ ತುರಿಕೆ ಕಂಡರೆ “ವಯಸ್ಸಾಯಿತು” ಎಂದು ಸುಮ್ಮನಾಗದೆ ರಕ್ತ ಪರೀಕ್ಷಿಸಿಕೊಳ್ಳಿ. ಮಧುಮೇಹದ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ರಮಝಾನಿಗೆ ಮೊದಲೇ ವೈದ್ಯರನ್ನು ಕಾಣಬೇಕು.

ಚಹಾದ ಸಕ್ಕರೆ ಒಮ್ಮೆಲೇ ನಿಲ್ಲಿಸಿದರೆ ಮನೆಯಲ್ಲಿ ಜಗಳವಾದೀತು. ವಾರಕ್ಕೆ ಅರ್ಧ ಚಮಚ ಇಳಿಸಿ. ಮೆಹಮಾನರಿಗೆ ಸಕ್ಕರೆ ಡಬ್ಬಿ ಬೇರೆಯೇ ಇಡಿ.