ನಿಮಗಿದು ಗೊತ್ತೇ? ಪರದೆಯಾಚೆ ಕೂತವರು ಒಬ್ಬರು, ಬಿಲ್ಲು ಕಟ್ಟಿದವರು ಇನ್ನೊಬ್ಬರು

ಮಸ್ಕತ್‌ನ ವಾದಿ ಕಬೀರ್ ಬಡಾವಣೆಯಿಂದ ವಿಮಾನ ನಿಲ್ದಾಣಕ್ಕೆ ಹೊರಟರೆ ಈಗ ಮೂವತ್ತು ಕಿಲೋಮೀಟರ್ ಆಸುಪಾಸಿನ ದಾರಿ. ಒಂದು ಕಾಲಕ್ಕೆ ವಿಮಾನ ಪಕ್ಕದ ಬೀದಿಗೇ ಬಂದಿಳಿಯುತ್ತಿತ್ತು, ಗೊತ್ತೇ? ನೆರೆಯ ರೂವಿಯ ಬೈತ್ ಅಲ್ ಫಲಜ್ ಕೋಟೆಯ ಬುಡದಲ್ಲೇ 1973ರವರೆಗೆ ಮಸ್ಕತ್‌ನ ವಿಮಾನ ನಿಲ್ದಾಣವಿತ್ತು. ಸುತ್ತ ಬೋಳು ಬಂಡೆಯ ಗುಡ್ಡಗಳು, ನಡುವೆ ಇಕ್ಕಟ್ಟಾದ ರನ್‌ವೇ. ಡಕೋಟಾ, ಫಾಕರ್ ಫ್ರೆಂಡ್‌ಶಿಪ್‌ನಂಥ ಸಣ್ಣ ವಿಮಾನಗಳಿಗಷ್ಟೇ ಅಲ್ಲಿ ಜಾಗ. ಈಗ ಆ ಬಯಲಿನ ಮೇಲೆ ಬ್ಯಾಂಕು, ಆಫೀಸುಗಳು ಎದ್ದಿವೆ. ಕೋಟೆ ಸೇನಾ ವಸ್ತುಸಂಗ್ರಹಾಲಯವಾಗಿದೆ.

ನಿಲ್ದಾಣ ಸೀಬ್‌ಗೆ ಹೋದದ್ದು 1973ರಲ್ಲಿ. ಅದಕ್ಕೆ ಮಸ್ಕತ್ ಎಂಬ ಹೆಸರು ಬಂದದ್ದು 2008ರಲ್ಲಿ. ಈಗಿನ ಟರ್ಮಿನಲ್ ತೆರೆದದ್ದು 2018ರ ಮಾರ್ಚ್‌ನಲ್ಲಿ. ವರ್ಷಕ್ಕೆ 2 ಕೋಟಿ ಜನರನ್ನು ನಿಭಾಯಿಸುವಷ್ಟು ವಿಶಾಲ. ಚೆಕ್-ಇನ್ ಮುಗಿಸಿ ಕೆಲವರು ನೆಟ್ಟಗೆ ಲೌಂಜಿಗೆ ನಡೆಯುತ್ತಾರೆ, ಉಳಿದವರು ಗೇಟಿನ ಮುಂದೆ ಕುರ್ಚಿ ಹುಡುಕುತ್ತಾರೆ. ಲೌಂಜಿನ ಸೋಫಾಕ್ಕೆ, ವಿಮಾನದಲ್ಲಿ ಪರದೆಯಾಚೆಯ ಸೀಟಿಗೆ, ಸ್ವಂತ ಜೇಬಿನಿಂದ ದುಡ್ಡು ಕೊಟ್ಟವರು ಎಷ್ಟು ಮಂದಿ ಎಂದು ಕೇಳುತ್ತ ಹೋದರೆ ಸ್ವಾರಸ್ಯದ ಸಂಗತಿಗಳು ಒಂದೊಂದಾಗಿ ಹೊರಬೀಳುತ್ತವೆ. ಕಂಪನಿ, ಬ್ಯಾಂಕು, ಮೈಲೇಜ್ ಪಾಯಿಂಟು: ಬಿಲ್ಲಿಗೆ ಹೆಗಲು ಕೊಡುವವರು ಬೇರೆಯೇ. ಕಂಪನಿ ಕೊಡುವ ರಜೆಯ ಟಿಕೆಟ್ ಬಿಟ್ಟರೆ, ನಡುವೆ ಮದುವೆಗೋ ಸಾವಿಗೋ ಊರಿಗೆ ಓಡುವ ವಾದಿ ಕಬೀರ್‌ನ ಗ್ಯಾರೇಜ್ ಮೆಕ್ಯಾನಿಕ್ ಪೈಸೆಪೈಸೆಯೂ ತನ್ನದೇ ದುಡ್ಡಿನಲ್ಲಿ ಹಾರುತ್ತಾನೆ. ಕೂರುವುದು ಹಿಂದಿನ ಸಾಲಿನಲ್ಲಿ.

ಜಗತ್ತಿನ ಮೊದಲ ಏರ್‌ಲೈನ್ ಲೌಂಜ್ ತೆರೆದದ್ದು 1939ರಲ್ಲಿ, ನ್ಯೂಯಾರ್ಕ್‌ನ ಲಗಾರ್ಡಿಯಾ ನಿಲ್ದಾಣದಲ್ಲಿ. ಅಮೆರಿಕನ್ ಏರ್‌ಲೈನ್ಸ್‌ನ ಅಡ್ಮಿರಲ್ಸ್ ಕ್ಲಬ್ ಅದು. ದುಡ್ಡು ಚೆಲ್ಲಿದರೆ ಒಳಗೆ ಬಿಡುತ್ತಿರಲಿಲ್ಲ, ಏರ್‌ಲೈನ್‌ನಿಂದಲೇ ಕರೆ ಬರಬೇಕಿತ್ತು. ಸದಸ್ಯತ್ವವನ್ನು ಕಾಸಿಗೆ ಮಾರಲು ಶುರುವಾದದ್ದು ದಶಕಗಳು ಕಳೆದ ಮೇಲೆ.

ಬಿಸಿನೆಸ್ ಕ್ಲಾಸ್ ಹುಟ್ಟಿದ್ದು ಯಾಕೆ ಗೊತ್ತೇ? ಮುನಿಸಿನಿಂದ. 1970ರ ದಶಕದಲ್ಲಿ ಪ್ರವಾಸಿಗಳಿಗೆ ರಿಯಾಯಿತಿ ಟಿಕೆಟ್ ಬಂತು. ಅದೇ ಎಕಾನಮಿ ಸಾಲಿನಲ್ಲಿ ಪೂರ್ತಿ ದರ ತೆತ್ತು ಕೂತ ಕಂಪನಿ ಅಧಿಕಾರಿಗಳಿಗೆ, ಪಕ್ಕದವನ ಟಿಕೆಟಿನ ಬೆಲೆ ಕೇಳಿ ಹೊಟ್ಟೆ ಉರಿಯಿತು. ಇವರನ್ನು ಸಮಾಧಾನಪಡಿಸಲು 1978ರ ಹೊತ್ತಿಗೆ ಪ್ಯಾನ್ ಆ್ಯಮ್, ಬ್ರಿಟಿಷ್ ಏರ್‌ವೇಸ್ ಬೇರೆ ವಿಭಾಗ ಮಾಡಿಕೊಟ್ಟವು. 1979ರಲ್ಲಿ ಕ್ವಾಂಟಾಸ್ ಅದಕ್ಕೆ ಬಿಸಿನೆಸ್ ಕ್ಲಾಸ್ ಎಂದೇ ಹೆಸರಿಟ್ಟಿತು. ಹೊಟ್ಟೆ ಉರಿದದ್ದು ಅಧಿಕಾರಿಗೆ, ದುಡ್ಡು ಮಾತ್ರ ಕಂಪನಿಯದು. ಈ ಏರ್ಪಾಡು ಇಂದಿಗೂ ಬದಲಾಗಿಲ್ಲ. ಅಲ್ಲಿನ ಸೀಟು ಪೂರ್ತಿ ಚಪ್ಪಟೆ ಹಾಸಿಗೆಯಾದದ್ದು 2000ದಲ್ಲಿ, ಬ್ರಿಟಿಷ್ ಏರ್‌ವೇಸ್‌ನಲ್ಲಿ. ಅದಕ್ಕೂ ಮೊದಲು ಬಿಸಿನೆಸ್ ಕ್ಲಾಸಿನವರೂ ಕೂತೇ ತೂಕಡಿಸುತ್ತಿದ್ದರು.

ವೇಗವೇ ಐಷಾರಾಮವಾಗಿದ್ದ ಕಾಲವೂ ಒಂದಿತ್ತು. ಬ್ರಿಟಿಷ್ ಏರ್‌ವೇಸ್‌ನ ಕಾಂಕಾರ್ಡ್ 1976ರ ಜನವರಿ 21ರಂದು ಪ್ರಯಾಣಿಕರನ್ನು ಹೊತ್ತು ಮೊದಲ ಸಲ ಹಾರಿದ್ದು ನ್ಯೂಯಾರ್ಕಿಗಲ್ಲ, ಕೊಲ್ಲಿಯ ಬಹ್ರೇನ್‌ಗೆ. ಒಳಗೆ ಸೀಟುಗಳು ಇಕ್ಕಟ್ಟು, ಕಿಟಕಿ ಅಂಗೈ ಅಗಲ. ಆದರೂ ದರ ಫಸ್ಟ್ ಕ್ಲಾಸಿಗಿಂತ ಹೆಚ್ಚು.

ಇನ್ನು ಕಾರ್ಡಿನ ಕಥೆ. ಲೌಂಜ್ ಬಾಗಿಲಲ್ಲಿ ನೀವು ಕಾರ್ಡ್ ಉಜ್ಜಿದಾಗ ನಿಮ್ಮ ಖಾತೆಯಿಂದ ಹೋಗುವುದು ಪುಡಿಗಾಸು. ಭಾರತದಲ್ಲಿ ರುಪೇ ಕಾರ್ಡಾದರೆ 2 ರೂಪಾಯಿ, ಅದೂ ಕಾರ್ಡ್ ಜೀವಂತವಿದೆಯೇ ಎಂದು ಪರೀಕ್ಷಿಸಲು. ನೀವು ತಿಂದ ಇಡ್ಲಿ, ಕುಡಿದ ಕಾಫಿಯ ನಿಜವಾದ ಬೆಲೆಯನ್ನು ತಲೆಗಿಷ್ಟು ಎಂದು ಬ್ಯಾಂಕೋ ಕಾರ್ಡ್ ಕಂಪನಿಯೋ ಲೌಂಜಿನವರಿಗೆ ಆಮೇಲೆ ಕಟ್ಟುತ್ತದೆ. ಬ್ಯಾಂಕಿಗೆ ಆ ದುಡ್ಡು ಎಲ್ಲಿಂದ ಬರುತ್ತದೆ? ನೀವು ಅಂಗಡಿಯಲ್ಲಿ ಕಾರ್ಡ್ ಕೊಟ್ಟಾಗ ವ್ಯಾಪಾರಿ ಬಿಟ್ಟುಕೊಡುವ ಕಮಿಷನ್, ನಿಮ್ಮ ವಾರ್ಷಿಕ ಶುಲ್ಕ, ತಿಂಗಳ ಬಾಕಿ ಉಳಿಸಿಕೊಂಡವರು ತೆರುವ ಬಡ್ಡಿ. ಬೇರೊಬ್ಬನ ಬಡ್ಡಿಯಲ್ಲಿ ನಮಗೆ ಇಡ್ಲಿ ಎಂದರೆ ಕಟುವಾಯಿತೇನೋ, ಆದರೆ ಲೆಕ್ಕ ಹಾಗೇ ಇದೆ. ಎಲ್ಲರ ಕೈಗೂ ಕಾರ್ಡ್ ಬಂದು ಲೌಂಜ್ ಬಾಗಿಲಲ್ಲಿ ಗೇಟಿಗಿಂತ ಉದ್ದ ಕ್ಯೂ ಹತ್ತಿದ ಮೇಲೆ, ಮೂರು ತಿಂಗಳಲ್ಲಿ ಇಷ್ಟು ಖರ್ಚು ಮಾಡಿದ್ದರೆ ಮಾತ್ರ ಪ್ರವೇಶ ಎಂದು ಹಲವು ಬ್ಯಾಂಕುಗಳು ಕಡಿವಾಣ ಹಾಕಿವೆ. ಯಾವ ಏರ್‌ಲೈನ್‌ನವರಾದರೂ ಸರಿ, ಒಂದೇ ಕಾರ್ಡಿನಲ್ಲಿ ಹಲವು ಲೌಂಜು ಎಂಬ ಪದ್ಧತಿಯನ್ನು ಜಗತ್ತಿನಾದ್ಯಂತ ಹಬ್ಬಿಸಿದ ಪ್ರಯಾರಿಟಿ ಪಾಸ್ ಶುರುವಾದದ್ದು 1992ರಲ್ಲಿ.

ಬೆಂಗಳೂರಿನ ಎರಡನೇ ಟರ್ಮಿನಲ್ಲಿನ ಲೌಂಜಿನ ಹೆಸರು 080. ಊರಿನ ಎಸ್‌ಟಿಡಿ ಕೋಡ್! ಟೆಲಿಫೋನ್ ಬೂತಿನಲ್ಲಿ ನಿಂತು ಆ ನಂಬರ್ ಒತ್ತಿದ ತಲೆಮಾರಿಗೆ ಇದು ಬೇಗ ಅರ್ಥವಾಗುತ್ತದೆ. ವಿದೇಶಿ ವಿಮಾನಗಳೆಲ್ಲ ಆ ಟರ್ಮಿನಲ್ಲಿಗೆ ಬದಲಾದದ್ದು 2023ರ ಸೆಪ್ಟೆಂಬರ್‌ನಲ್ಲಿ.

ಒಮಾನ್ ಏರ್ 1993ರಲ್ಲಿ ಹಾರಾಟ ಶುರುಮಾಡಿದಾಗ ಒಮಾನ್ ದೇಶ ಗಲ್ಫ್ ಏರ್‌ನಲ್ಲೂ ಪಾಲುದಾರನಾಗಿತ್ತು. ಬಹ್ರೇನ್, ಕತಾರ್, ಅಬುಧಾಬಿ, ಒಮಾನ್ ನಾಲ್ವರೂ ಸೇರಿ 1974ರಲ್ಲಿ ಕಟ್ಟಿಕೊಂಡ ಕೂಡು ಸಂಸಾರ ಅದು. ಒಬ್ಬೊಬ್ಬರೇ ಬೇರೆಯಾದರು. ಒಮಾನ್ ಹೊರಬಂದದ್ದು 2007ರಲ್ಲಿ, ಮನೆ ಉಳಿದದ್ದು ಬಹ್ರೇನ್‌ಗೆ. ಆಮೇಲೆ ಒಮಾನ್ ಏರ್ ದೂರದೂರಿನ ಹಾರಾಟಕ್ಕೆ ಕೈಹಾಕಿತು. 2010ರಲ್ಲಿ ಒಂದೇ ವಿಮಾನದಲ್ಲಿ ಮೊಬೈಲ್ ಮತ್ತು ವೈ-ಫೈ ಎರಡನ್ನೂ ಕೊಟ್ಟ ಮೊದಲ ಏರ್‌ಲೈನ್ ಎನಿಸಿಕೊಂಡಿತು. 2024ರಲ್ಲಿ ಫಸ್ಟ್ ಕ್ಲಾಸ್ ಎಂಬ ಹೆಸರನ್ನೇ ಕೈಬಿಟ್ಟು ಆ ಸೀಟುಗಳನ್ನು ‘ಬಿಸಿನೆಸ್ ಸ್ಟುಡಿಯೋ’ ಎಂದು ಮಾರತೊಡಗಿತು. ಬಾಸ್‌ಗೆ ಫಸ್ಟ್ ಕ್ಲಾಸ್ ಕೊಡಿಸಲು ಹಿಂದೆಮುಂದೆ ನೋಡುವ ಕಂಪನಿ, ಬಿಸಿನೆಸ್ ಎಂದರೆ ಸಹಿ ಹಾಕೀತು ಎಂಬ ಎಣಿಕೆ ಇದರಲ್ಲಿ ಇದ್ದೇ ಇದೆ ಎಂದು ನನ್ನ ಗುಮಾನಿ.

2025ರ ಜೂನ್ ಕೊನೆಗೆ ಒಮಾನ್ ಏರ್ ಒನ್‌ವರ್ಲ್ಡ್ ಕೂಟಕ್ಕೆ ಸೇರಿತು. ಕತಾರ್ ಏರ್‌ವೇಸ್, ಬ್ರಿಟಿಷ್ ಏರ್‌ವೇಸ್, ಕ್ವಾಂಟಾಸ್ ಎಲ್ಲ ಅದರಲ್ಲೇ ಇವೆ. ಇದರಿಂದ ನಮಗೇನು? ಈ ಕೂಟದ ಯಾವುದಾದರೂ ಏರ್‌ಲೈನ್‌ನಲ್ಲಿ ಪದೇಪದೇ ಹಾರಿ ಸಫೈರ್ ದರ್ಜೆ ಗಳಿಸಿದವರು ಎಕಾನಮಿ ಟಿಕೆಟ್ ಹಿಡಿದುಕೊಂಡೇ ಬಿಸಿನೆಸ್ ಲೌಂಜಿಗೆ ಹೋಗಬಹುದು. ಆಫೀಸಿನ ಖರ್ಚಿನಲ್ಲಿ ಊರೂರು ಸುತ್ತಿದವರಿಗೆ ಸ್ವಂತ ರಜೆಯಲ್ಲೂ ಬಿಟ್ಟಿ ಊಟ.

ಒಮಾನ್ ಏರ್‌ನ ಪಾಯಿಂಟ್ ಯೋಜನೆಯ ಹೆಸರು ಸಿಂದ್‌ಬಾದ್. ಕಥೆಯ ಆ ನಾವಿಕನ ಹಡಗಿನ ಮಾದರಿ ನೋಡಬೇಕೆಂದರೆ ವಾದಿ ಕಬೀರ್‌ನವರು ದೂರ ಹೋಗಬೇಕಾಗಿಲ್ಲ, ಗುಡ್ಡ ದಾಟಿ ಅಲ್ ಬುಸ್ತಾನ್ ಅರಮನೆ ಹೋಟೆಲ್ ಬಳಿಯ ವೃತ್ತಕ್ಕೆ ಹೋದರೆ ಸಾಕು. ಅಲ್ಲಿ ನಿಂತಿರುವ ‘ಸೊಹಾರ್’ ಹಡಗಿನಲ್ಲಿ ಟಿಮ್ ಸೆವೆರಿನ್ ಎಂಬಾತ 1980ರ ನವೆಂಬರ್‌ನಲ್ಲಿ ಮಸ್ಕತ್ ಬಿಟ್ಟು, ಮರುವರ್ಷ ಚೀನಾ ಮುಟ್ಟಿದ. ಹಲಗೆಗಳಿಗೆ ಮೊಳೆ ಹೊಡೆದಿಲ್ಲ, ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದಿದ್ದಾರೆ. ಮರ ಬಂದದ್ದು ಮಲಬಾರ್ ಕರಾವಳಿಯಿಂದ.

ಒಮಾನ್ ಏರ್‌ನ ಬಿಸಿನೆಸ್ ಕ್ಲಾಸಿನಲ್ಲಿ ಕೂತ ಕೂಡಲೇ ಬರುವುದು ಖರ್ಜೂರ ಮತ್ತು ಏಲಕ್ಕಿ ಹಾಕಿದ ಕಹ್ವಾ. ಹಿಡಿಯಿಲ್ಲದ, ಬೊಗಸೆಯಷ್ಟೂ ಇಲ್ಲದ ಪುಟ್ಟ ಬಟ್ಟಲು. ಬಡಿಸುವವರು ಎಡಗೈಯಲ್ಲಿ ಹೂಜಿ ಬಗ್ಗಿಸುತ್ತಾರೆ, ನೀವು ಬಲಗೈಯಲ್ಲಿ ಬಟ್ಟಲು ಹಿಡಿಯಬೇಕು. ಹಾಲಿಲ್ಲ, ಸಕ್ಕರೆಯಿಲ್ಲ, ಸಿಹಿಗೆ ಖರ್ಜೂರವೇ ಗತಿ. ತಳದಲ್ಲಿ ಎರಡು ಗುಟುಕಿನಷ್ಟೇ ಸುರಿಯುವುದು ಜಿಪುಣತನವಲ್ಲ, ಮರ್ಯಾದೆ. ಸಾಕೆಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ, ಬಟ್ಟಲನ್ನು ಅತ್ತಿತ್ತ ಅಲುಗಿಸಿದರಾಯಿತು. ಅಲುಗಿಸದೆ ವಾಪಸು ಚಾಚಿದಿರೋ, ಮತ್ತೆ ತುಂಬುತ್ತದೆ. ಇದೇ ಕಹ್ವಾ ಒಮಾನಿ ಮಿತ್ರರ ಮನೆಯಲ್ಲಿ ಪುಕ್ಕಟೆ, ಖರ್ಜೂರವೂ ಒಂದು ಹಿಡಿ ಹೆಚ್ಚು.

ಎಷ್ಟೇ ದುಡ್ಡು ಸುರಿದರೂ ಕೊಳ್ಳಲಾಗದ್ದು ಯಾವುದು ಗೊತ್ತೇ? ಗಾಳಿ. ಒಂದು ವಿಮಾನದೊಳಗೆ ಫಸ್ಟ್ ಕ್ಲಾಸಿಗೂ ಕೊನೆಯ ಸಾಲಿಗೂ ಒತ್ತಡ ಒಂದೇ. ಬೋಯಿಂಗ್ 787ರಲ್ಲಿ ಅದು ಸುಮಾರು 6,000 ಅಡಿ ಎತ್ತರದ ಗಾಳಿಗೆ ಸಮ, ಅಂದರೆ ಮುಳ್ಳಯ್ಯನಗಿರಿಯ ನೆತ್ತಿಗಿಂತ ತುಸು ಕೆಳಗೆ ಕೂತಂತೆ. ಹಳೆಯ ಮಾದರಿಗಳಲ್ಲಿ 8,000 ಅಡಿಯವರೆಗೂ ಹೋಗುತ್ತದೆ. ಜೊತೆಗೆ ಮೂಗೊಣಗಿಸುವ ಶುಷ್ಕತೆ. ಇದರಿಂದ ನಾಲಿಗೆ ಮಂಕಾಗುತ್ತದೆ. ಲುಫ್ತಾನ್ಸಾ 2010ರಲ್ಲಿ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯಿಂದ ಪರೀಕ್ಷೆ ಮಾಡಿಸಿದಾಗ ಉಪ್ಪಿನ ರುಚಿ ಶೇ 20ರಿಂದ 30ರಷ್ಟು, ಸಿಹಿ ಶೇ 15ರಿಂದ 20ರಷ್ಟು ಕಡಿಮೆ ತಿಳಿಯುತ್ತದೆಂದು ಕಂಡುಬಂತು. ಟೊಮ್ಯಾಟೊ, ಹುಳಿ, ಮಸಾಲೆ ಮಾತ್ರ ಗಟ್ಟಿಯಾಗಿ ನಿಲ್ಲುತ್ತವೆ. ಆಕಾಶದಲ್ಲಿ ಮೊಸರನ್ನ ಸೋಲುತ್ತದೆ, ಟೊಮ್ಯಾಟೊ ಸಾರು ಗೆಲ್ಲುತ್ತದೆ. ಉಪ್ಪಿನಕಾಯಿಯ ಪೊಟ್ಟಣವನ್ನು ಗಗನಸಖಿಗೆ ಹಿಂದಿರುಗಿಸಬೇಡಿ.

ಊಟದ ಕೋಡ್ ಗಮನಿಸಿ. ‘ಹಿಂದೂ ಮೀಲ್’ ಎಂದು ಬರೆಸಿದ ಅಜ್ಜಿಯ ತಟ್ಟೆಗೆ ಕೋಳಿ ಬಂದೀತು! ಎಚ್‌ಎನ್‌ಎಂಎಲ್ ಮಾಂಸಾಹಾರದ ಊಟ, ಗೋಮಾಂಸ ಹಂದಿಮಾಂಸ ಇರುವುದಿಲ್ಲ ಅಷ್ಟೇ. ಸಸ್ಯಾಹಾರಕ್ಕೆ ಎವಿಎಂಎಲ್, ಜೈನರಿಗೆ ವಿಜೆಎಂಎಲ್ ಎಂದು ಒಂದು ದಿನ ಮುಂಚೆಯೇ ಹೇಳಿಡಬೇಕು. ಒಂದು ಲಾಭವೂ ಇದೆ: ಎಕಾನಮಿಯಲ್ಲಿ ಹೀಗೆ ಹೇಳಿದವರ ಊಟ ಸಾಮಾನ್ಯವಾಗಿ ತಳ್ಳುಗಾಡಿಗಿಂತ ಮೊದಲೇ ಬರುತ್ತದೆ.

ಎತಿಹಾದ್ ಏರ್‌ಲೈನ್ 2014ರಲ್ಲಿ ವಿಮಾನದೊಳಗೆ ತಂದ ‘ದಿ ರೆಸಿಡೆನ್ಸ್’ನಲ್ಲಿ ಕೂರಲು ಒಂದು ಕೋಣೆ, ಮಲಗಲು ಒಂದು, ಸ್ನಾನಕ್ಕೆ ಒಂದು. ಒಟ್ಟು ವಿಸ್ತೀರ್ಣ 125 ಚದರ ಅಡಿ. ವಾದಿ ಕಬೀರ್‌ನಲ್ಲಿ ಅಷ್ಟೇ ಕೋಣೆಯಲ್ಲಿ ಮೂರೋ ನಾಲ್ಕೋ ಬೆಡ್‌ಸ್ಪೇಸ್ ಹಾಕುತ್ತಾರೆ. ಎಮಿರೇಟ್ಸ್‌ನ ಎ380 ವಿಮಾನದ ಫಸ್ಟ್ ಕ್ಲಾಸಿನಲ್ಲಿ ಸ್ನಾನಕ್ಕೆ ಸಿಗುವ ನೀರು ಐದು ನಿಮಿಷದ್ದು ಮಾತ್ರ. ಸೋಪು ಹಚ್ಚುವಾಗ ನಲ್ಲಿ ನಿಲ್ಲಿಸುವ ಬುದ್ಧಿ ಕೋಟ್ಯಧಿಪತಿಗೂ ಬೇಕು.

ಫಸ್ಟ್ ಕ್ಲಾಸ್ ಉಡುಗೊರೆಗಾಗಿ ಬೆಂಗಳೂರಿನ ಆನೆಮರಿ ಸ್ಪೇನ್‌ಗೆ ಹೋದದ್ದು ಗೊತ್ತೇ? 1967ರಲ್ಲಿ ಏರ್ ಇಂಡಿಯಾ ತನ್ನ ಗಣ್ಯ ಪ್ರಯಾಣಿಕರಿಗೆ ಹಂಚಲು ಕಲಾವಿದ ಸಾಲ್ವಡಾರ್ ಡಾಲಿ ಕೈಯಲ್ಲಿ ಆಶ್‌ಟ್ರೇ ವಿನ್ಯಾಸ ಮಾಡಿಸಿತು. ಚಿಪ್ಪಿನ ಸುತ್ತ ಹಾವು, ಕೆಳಗೆ ಆನೆಯ ತಲೆ. ತಿರುಗಿಸಿ ಹಿಡಿದರೆ ಅದೇ ಹಂಸ. ಸಂಭಾವನೆ ಏನು ಬೇಕೆಂದರೆ ಆತ ಆನೆಮರಿ ಕೇಳಿದ. ಬೆಂಗಳೂರಿನಿಂದ ಮಾವುತನ ಸಮೇತ ಮರಿ ಜಿನೀವಾಕ್ಕೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಲಾರಿಯಲ್ಲಿ ಡಾಲಿಯ ಊರು ಸೇರಿತು. ಆನೆಯ ಟಿಕೆಟನ್ನೂ ಆನೆ ಕೊಂಡಿರಲಿಲ್ಲ.

ಕರ್ನಾಟಕದ್ದೇ ಎರಡು ಏರ್‌ಲೈನ್‌ಗಳನ್ನು ನೋಡಿ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಶುರುಮಾಡಿದ ಏರ್ ಡೆಕ್ಕನ್‌ನಲ್ಲಿ ನೀರಿನ ಬಾಟಲಿಗೂ ಕಾಸು. 2005ರಲ್ಲಿ ಶುರುವಾದ ಬೆಂಗಳೂರಿನದೇ ಕಿಂಗ್‌ಫಿಷರ್‌ನಲ್ಲಿ ಕೇಳಿದ್ದೆಲ್ಲ ಉಂಟು. 2008ರ ಬೆಂಗಳೂರು–ಲಂಡನ್ ವಿಮಾನದ ಫಸ್ಟ್ ಕ್ಲಾಸಿನಲ್ಲಿ ನಿಂತು ಕುಡಿಯಲು ಬಾರ್ ಕೂಡ ಇತ್ತು. ಶ್ರೀಮಂತ ಬಡವನನ್ನು ಕೊಂಡುಕೊಂಡ, 2012ರ ಅಕ್ಟೋಬರ್ ಹೊತ್ತಿಗೆ ಎರಡೂ ನೆಲಕಚ್ಚಿದ್ದವು. ಸಿಬ್ಬಂದಿಯ ಸಂಬಳ, ಬ್ಯಾಂಕುಗಳ ಸಾಲ ಬಾಕಿ ಉಳಿಯಿತು. ಬಾರಿನ ಬಿಲ್ಲು ಬಂದದ್ದು ಅಲ್ಲಿಗೆ.

ಕಿಲಾಡಿಗಳೂ ಉಂಟು. 1999ರಲ್ಲಿ ಕ್ಯಾಲಿಫೋರ್ನಿಯಾದ ಎಂಜಿನಿಯರ್ ಒಬ್ಬ 12,150 ಪುಡ್ಡಿಂಗ್ ಡಬ್ಬಿ ಕೊಂಡು, ಅದರ ಮೇಲಿನ ಕೂಪನ್‌ಗಳಿಂದ ಹನ್ನೆರಡು ಲಕ್ಷಕ್ಕೂ ಮಿಕ್ಕಿ ಮೈಲು ಗಳಿಸಿದ. ತಗುಲಿದ ಖರ್ಚು ಸುಮಾರು 3,000 ಡಾಲರ್. ಪುಡ್ಡಿಂಗನ್ನು ಧರ್ಮಸಂಸ್ಥೆಗೆ ದಾನ ಕೊಟ್ಟು, ಕೂಪನ್ ಕೀಳುವ ಕೆಲಸವನ್ನೂ ಅವರಿಗೇ ಹಚ್ಚಿದ! ಚೀನಾದ ಷಿಯಾನ್‌ನಲ್ಲಿ ಒಬ್ಬಾತ ಫಸ್ಟ್ ಕ್ಲಾಸ್ ಟಿಕೆಟ್ ಒಂದರ ತಾರೀಖನ್ನು ಸುಮಾರು 300 ಸಲ ಮುಂದೂಡುತ್ತ ಲೌಂಜಿನಲ್ಲಿ ಉಂಡು, ಕೊನೆಗೆ ಟಿಕೆಟಿನ ದುಡ್ಡನ್ನೂ ವಾಪಸು ಪಡೆದದ್ದು 2014ರಲ್ಲಿ ಸುದ್ದಿಯಾಗಿತ್ತು.

ಕೊಲ್ಲಿಯ ದುಡಿಯುವವರಿಗೆಂದೇ 2005ರಲ್ಲಿ ಹಾರತೊಡಗಿದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಲ್ಲಿ ಮೊದಲಿಗೆ ಪರದೆಯೇ ಇರಲಿಲ್ಲ, ಎಲ್ಲರೂ ಎಕಾನಮಿ. ಈಚೆಗೆ ಕೆಲವು ವಿಮಾನಗಳಲ್ಲಿ ಮುಂದೆ ಅಗಲ ಸೀಟು ಕಾಣುತ್ತವಲ್ಲ, ಅವು ಬೇರೆ ಏರ್‌ಲೈನ್‌ಗಳಿಗೆಂದು ತಯಾರಾಗಿ ಬೋಯಿಂಗ್ ಬಳಿ ಉಳಿದಿದ್ದ ವಿಮಾನಗಳು. ಸೀಟೂ ಸೇರಿ ಬಂದವು. ಇರಲಿ, ಮಂಗಳೂರಿಗೆ ಹೊರಟವರ ಲೆಕ್ಕ ಸೀಟಿನದ್ದಲ್ಲ, ಕಿಲೋದ್ದು. ಹಿಂದಿನ ರಾತ್ರಿ ಕೋಣೆಯ ನಡುವೆ ರಟ್ಟಿನ ಪೆಟ್ಟಿಗೆ, ಕೊಕ್ಕೆಯ ತಕ್ಕಡಿ, ಟೇಪು, ಮಾರ್ಕರ್. ಹಾಲಿನ ಪುಡಿ ಒಳಗೆ, ಒಮಾನಿ ಹಲ್ವಾ ಒಳಗೆ, ಮೂವತ್ತು ದಾಟಿತೆಂದು ಶಾಂಪೂ ಹೊರಗೆ. ಅರ್ಧ ಕಿಲೋ ಉಳಿಯಿತೆಂದರೆ ಪಕ್ಕದ ಬೆಡ್ಡಿನವನು ತನ್ನ ಮಗಳಿಗೊಂದು ಪೊಟ್ಟಣ ಚಾಚುತ್ತಾನೆ.

ಬಿಸಿನೆಸ್ ಕ್ಲಾಸಿನವರಿಗೆ ಒಟ್ಟು ಕಿಲೋ ಜಾಸ್ತಿ ಸಿಗುತ್ತದೆ, ನಿಜ. ಆದರೆ ಅವರೂ ಒಂದೇ ಪೆಟ್ಟಿಗೆಯಲ್ಲಿ 32 ಕಿಲೋ ಮೀರಿ ತುಂಬಿದರೆ ಕೌಂಟರಿನಲ್ಲಿ ತೆಗೆದುಕೊಳ್ಳುವುದಿಲ್ಲ. ಕೆಳಗೆ ಅದನ್ನು ಎತ್ತಿ ವಿಮಾನದ ಹೊಟ್ಟೆಗೆ ಜೋಡಿಸುವ ಕೆಲಸಗಾರನ ಬೆನ್ನು ನೋಡಿ ಹಾಕಿರುವ ಮಿತಿ ಅದು.