ಒಡೆಯದೆ ಹಾಡಿದ ನಾಲ್ವರು

ಗಾಯನ ತಂಡಗಳು ಏಕೆ ಒಡೆಯುತ್ತವೆ ಎಂದು ತಿಳಿಯಲು ಸಂಶೋಧನೆಯೇನೂ ಬೇಕಾಗಿಲ್ಲ. ಹಣ ಬರುತ್ತದೆ, ಹೆಸರು ಬರುತ್ತದೆ, ಹೆಸರು ಒಬ್ಬನ ಪಾಲಿಗೆ ತುಸು ಹೆಚ್ಚಾಗಿಯೇ ಬರುತ್ತದೆ. ಮಿಕ್ಕವರ ಮುಖ ಸಪ್ಪಗಾಗುತ್ತದೆ. ನಾಟಕ ಕಂಪನಿಯಿಂದ ಭಜನಾ ಮಂಡಳಿಯವರೆಗೆ ಎಲ್ಲ ಕಡೆಯೂ ಇದೇ ಕಥೆ. ಆದ್ದರಿಂದಲೇ ಅಮೆರಿಕದ ಡೆಟ್ರಾಯಿಟ್ ನಗರದ 'ಫೋರ್ ಟಾಪ್ಸ್' ತಂಡದ ಇತಿಹಾಸ ಅಚ್ಚರಿ ಹುಟ್ಟಿಸುತ್ತದೆ. 1954ರ ಸುಮಾರಿಗೆ ಕೂಡಿದ ನಾಲ್ವರು ಹುಡುಗರು 1997ರಲ್ಲಿ ಸಾವು ಅವರಲ್ಲೊಬ್ಬರನ್ನು ಕರೆದೊಯ್ಯುವವರೆಗೆ ಒಟ್ಟಿಗೇ ಹಾಡಿದರು. ಅಷ್ಟು ವರ್ಷಗಳಲ್ಲಿ ಒಬ್ಬರೂ ಬದಲಾಗಲಿಲ್ಲ.

ಲೀವೈ ಸ್ಟಬ್ಸ್ ಮತ್ತು ಅಬ್ದುಲ್ ಫಕೀರ್ ಪರ್ಶಿಂಗ್ ಹೈಸ್ಕೂಲಿನ ಹುಡುಗರು. ರೆನಾಲ್ಡೊ ಬೆನ್ಸನ್ ಮತ್ತು ಲಾರೆನ್ಸ್ ಪೇಟನ್ ನಾರ್ದರ್ನ್ ಹೈಸ್ಕೂಲಿನವರು. ಗೆಳೆಯರ ಪಾರ್ಟಿಯೊಂದರಲ್ಲಿ ಜತೆಗೂಡಿ ಹಾಡಿದಾಗ ದನಿಗಳು ಹೊಂದಿಕೊಂಡವು. ಫಕೀರ್ ಎಂಬ ಹೆಸರು ನೋಡಿ ಓದುಗರು ಹುಬ್ಬೇರಿಸಬಹುದು. ಅವರ ತಂದೆ ಇಂದಿನ ಬಾಂಗ್ಲಾದೇಶದ, ಅಂದರೆ ಅಂದಿನ ಅವಿಭಜಿತ ಭಾರತದ, ಮೂಲದವರು. 'ಡ್ಯೂಕ್' ಎಂದೇ ಹೆಸರಾದ ಈ ಫಕೀರರದು ತಂಡದ ಅತಿ ಎತ್ತರದ ದನಿ. 'ಓಬಿ' ಎಂಬ ಬೆನ್ಸನ್‌ರದು ಕೆಳಗಿನ ಮಂದ್ರ. ಯಾರು ಯಾವ ಸ್ವರ ಹಿಡಿಯಬೇಕೆಂದು ಹೊಂದಿಸುವ ಕೆಲಸ ಪೇಟನ್‌ರದು. ಮುಂದೆ ನಿಂತು ಹಾಡುವವರು ಸ್ಟಬ್ಸ್.

ಡೆಟ್ರಾಯಿಟ್ ಮೋಟಾರು ಕಾರುಗಳ ಊರು. ದಕ್ಷಿಣದ ಹತ್ತಿ ಹೊಲಗಳನ್ನೂ ಅಲ್ಲಿನ ವರ್ಣಭೇದವನ್ನೂ ಬಿಟ್ಟು ಕೆಲಸ ಹುಡುಕುತ್ತ ಬಂದ ಕಪ್ಪು ಜನ ತಮ್ಮೊಡನೆ ಚರ್ಚಿನ ಹಾಡನ್ನೂ ತಂದರು. ಆ ಭಕ್ತಿಯ ಉದ್ವೇಗವನ್ನು ಲೌಕಿಕ ಪ್ರೇಮದ ಹಾಡಿಗೆ ತುಂಬಿದಾಗ ಹುಟ್ಟಿದ್ದು 'ಸೋಲ್' ಸಂಗೀತ ಎಂದು ಸ್ಥೂಲವಾಗಿ ಹೇಳಬಹುದು.

ಯಶಸ್ಸು ಮಾತ್ರ ಬೇಗ ಬರಲಿಲ್ಲ. ಮೊದಲು ಇಟ್ಟುಕೊಂಡ 'ಫೋರ್ ಏಮ್ಸ್' ಎಂಬ ಹೆಸರು 'ಏಮ್ಸ್ ಬ್ರದರ್ಸ್' ಎಂಬ ಪ್ರಸಿದ್ಧ ತಂಡದ ಹೆಸರಿನೊಡನೆ ಗೊಂದಲವಾಗುತ್ತದೆಂದು 1956ರಲ್ಲಿ ಬದಲಾಯಿತು. ಚೆಸ್, ಕೊಲಂಬಿಯಾ ಮೊದಲಾದ ಕಂಪನಿಗಳಿಗೆ ಹಾಡಿದರೂ ರೆಕಾರ್ಡುಗಳು ಓಡಲಿಲ್ಲ. ಹತ್ತು ವರ್ಷ ನೈಟ್ ಕ್ಲಬ್ಬುಗಳಲ್ಲಿ ಹಾಡಿಯೇ ಹೊಟ್ಟೆ ಹೊರೆದರು. ಈ ಹತ್ತು ವರ್ಷಗಳೇ ಅವರನ್ನು ಬೆಸೆದವು ಎಂದು ನನಗನ್ನಿಸುತ್ತದೆ. ಕೀರ್ತಿ ಬರುವ ಮೊದಲೇ ಸ್ನೇಹ ಗಟ್ಟಿಯಾಗಿತ್ತು.

1963ರಲ್ಲಿ ಅವರು ಸೇರಿದ್ದು ತಮ್ಮದೇ ಊರಿನ ಮೋಟೌನ್ ಕಂಪನಿಯನ್ನು. ಕಾರಿನ ಕಾರ್ಖಾನೆಯಲ್ಲಿ ದುಡಿದಿದ್ದ ಬೆರ್ರಿ ಗಾರ್ಡಿ 1959ರಲ್ಲಿ ಮನೆಯವರಿಂದ 800 ಡಾಲರ್ ಸಾಲ ಪಡೆದು ಕಟ್ಟಿದ ಸಂಸ್ಥೆ ಅದು. ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡ್ ಬೀದಿಯ ಸಾಧಾರಣ ಮನೆಯೊಂದೇ ಸ್ಟುಡಿಯೋ. ಅದರ ಅಟ್ಟದ ವಿಚಾರ ವಿಜ್ಞಾನದ ಮೇಷ್ಟರಿಗೆ ಬಲು ಇಷ್ಟವಾಗುವಂಥದು. ಕೆಳಗೆ ಹಾಡಿದ ದನಿಯನ್ನು ತಂತಿಯ ಮೂಲಕ ಅಟ್ಟದ ಸ್ಪೀಕರಿಗೆ ಕಳಿಸುತ್ತಿದ್ದರು. ಅದು ಗೋಡೆಗಳಿಗೆ ಬಡಿದು ಮರಳುವುದನ್ನು ಇನ್ನೊಂದು ಮೈಕು ಹಿಡಿದು ಮೂಲ ದನಿಗೆ ಬೆರೆಸುತ್ತಿತ್ತು. ಪುಟ್ಟ ಕೋಣೆಯ ಹಾಡಿಗೆ ದೊಡ್ಡ ಸಭಾಂಗಣದ ಗಾಂಭೀರ್ಯ ಬಂದದ್ದು ಹೀಗೆ. ಇಂದು ಆ ಮನೆ ವಸ್ತುಸಂಗ್ರಹಾಲಯವಾಗಿದೆ.

ಇಲ್ಲಿ ಅವರಿಗೆ ಸಿಕ್ಕವರು ಬ್ರಯನ್ ಹಾಲೆಂಡ್, ಲಮಾಂಟ್ ಡೋಜಿಯರ್, ಎಡ್ಡಿ ಹಾಲೆಂಡ್ ಎಂಬ ಮೂವರು ಗೀತ ರಚನಕಾರರು. ಸ್ಟಬ್ಸ್‌ರದು ಬ್ಯಾರಿಟೋನ್, ಅಂದರೆ ಮಧ್ಯಮ ಎತ್ತರದ ತುಂಬುದನಿ. ಈ ಮೂವರು ಬೇಕೆಂದೇ ಅವರ ಹಾಡುಗಳನ್ನು ಅವರಿಗೆ ಹಿತವಾದ ಶ್ರುತಿಗಿಂತ ಮೇಲಕ್ಕೆ ಇಡುತ್ತಿದ್ದರು. ಧ್ವನಿತಂತುಗಳು ಬಿಗಿಯಾದಷ್ಟೂ ಕಂಪನಗಳ ಸಂಖ್ಯೆ ಏರುತ್ತದೆ, ಸ್ವರ ಮೇಲೇರುತ್ತದೆ. ಆದರೆ ಆ ಬಿಗಿತಕ್ಕೂ ಮಿತಿಯುಂಟು. ಮಿತಿಯ ಅಂಚಿನಲ್ಲಿ ದನಿ ನುಣುಪು ಕಳೆದುಕೊಂಡು ಒಡೆಯತೊಡಗುತ್ತದೆ. ಸಂಗೀತ ಪರೀಕ್ಷೆಯಲ್ಲಾದರೆ ಇದಕ್ಕೆ ಅಂಕ ಕಳೆಯುತ್ತಿದ್ದರೇನೋ! ಇಲ್ಲಿ ಮಾತ್ರ ಆ ಒಡಕೇ ಬಂಡವಾಳ. ಕೇಳುವವನಿಗೆ ಯಾರೋ ಎದುರಿಗೇ ನಿಂತು ಅಂಗಲಾಚುತ್ತಿರುವಂತೆ ಭಾಸವಾಗುತ್ತದೆ.

1965ರಲ್ಲಿ 'ಐ ಕಾಂಟ್ ಹೆಲ್ಪ್ ಮೈಸೆಲ್ಫ್' ಅಮೆರಿಕದ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಇದನ್ನು ಕಂಡ ಕೊಲಂಬಿಯಾ ಕಂಪನಿ ತನ್ನಲ್ಲಿದ್ದ ಈ ತಂಡದ ಹಳೆಯ ರೆಕಾರ್ಡನ್ನು ಮತ್ತೆ ಮಾರುಕಟ್ಟೆಗೆ ಬಿಡಲು ಹೊರಟಿತು. ಮೋಟೌನ್ ಸುಮ್ಮನಿದ್ದೀತೆ? ಒಂದೇ ದಿನದಲ್ಲಿ ಹಾಡು ಬರೆದು, ಹಾಡಿಸಿ, ತಟ್ಟೆ ಒತ್ತಿಸಿತು. ಧಾಟಿ ಹಿಂದಿನ ಹಾಡಿಗೆ ಬಹಳ ಹತ್ತಿರ. ಹೆಸರೂ ಅದಕ್ಕೆ ತಕ್ಕ ಹಾಗೆ 'ಇಟ್ಸ್ ದ ಸೇಮ್ ಓಲ್ಡ್ ಸಾಂಗ್'! ಅದೂ 5ನೆಯ ಸ್ಥಾನಕ್ಕೆ ಹೋಯಿತು. 1966ರ 'ರೀಚ್ ಔಟ್ ಐ'ಲ್ ಬಿ ದೇರ್' ಅಮೆರಿಕ, ಬ್ರಿಟನ್ ಎರಡರಲ್ಲೂ ಮೊದಲ ಸ್ಥಾನ ಪಡೆಯಿತು. ಇಲ್ಲೊಂದು ಮಾತು ಹೇಳಲೇಬೇಕು. ಈ ರೆಕಾರ್ಡುಗಳ ಹಿಮ್ಮೇಳದಲ್ಲಿ ಕೇಳುವ ಹೆಣ್ಣು ದನಿಗಳು 'ಆಂಡಾಂಟೀಸ್' ಎಂಬ ಮೂವರದು: ಜಾಕಿ ಹಿಕ್ಸ್, ಮಾರ್ಲಿನ್ ಬ್ಯಾರೊ, ಲೂವೇನ್ ಡೆಂಪ್ಸ್. ತಟ್ಟೆಯ ಮೇಲೆ ಅವರ ಹೆಸರು ಅಚ್ಚಾಗುತ್ತಿರಲಿಲ್ಲ. ವಾದ್ಯಗಾರರ ಪಾಡೂ ಬಹುಮಟ್ಟಿಗೆ ಅದೇ.

ಆ ಕಾಲದಲ್ಲಿ ಮೋಟೌನ್‌ನಲ್ಲಿ ಮುಖ್ಯ ಗಾಯಕರ ಹೆಸರನ್ನು ಮುಂದೆ ಮಾಡುವ ಪರಿಪಾಠ ಶುರುವಾಯಿತು. 'ಸುಪ್ರೀಮ್ಸ್' ತಂಡ 1967ರಲ್ಲಿ 'ಡಯಾನಾ ರಾಸ್ ಅಂಡ್ ದ ಸುಪ್ರೀಮ್ಸ್' ಆಯಿತು. ಡಯಾನಾ 1970ರಲ್ಲಿ ತಂಡವನ್ನೇ ಬಿಟ್ಟರು. 'ಟೆಂಪ್ಟೇಶನ್ಸ್' ತಂಡ 1968ರಲ್ಲಿ ತನ್ನ ಪ್ರಮುಖ ಗಾಯಕ ಡೇವಿಡ್ ರಫಿನ್‌ರನ್ನು ಹೊರಹಾಕಿತು. ಸ್ಟಬ್ಸ್‌ಗೂ ಒಬ್ಬರೇ ಹಾಡುವ ಅವಕಾಶವಿತ್ತು, ಅವರು ಒಲ್ಲೆನೆಂದರು. ತಂಡದ ಹೆಸರಿನ ಮುಂದೆ ತಮ್ಮ ಹೆಸರು ಬರಲೂ ಬಿಡಲಿಲ್ಲ.

ಹಾಗೆಂದು ಅವರಲ್ಲಿ ಭಿನ್ನಾಭಿಪ್ರಾಯವೇ ಇರಲಿಲ್ಲವೆಂದಲ್ಲ. 1969ರ ಮೇ ತಿಂಗಳಲ್ಲಿ ಬರ್ಕ್ಲಿಯ ಪೀಪಲ್ಸ್ ಪಾರ್ಕಿನಲ್ಲಿ ಪೊಲೀಸರು ಯುವಕರನ್ನು ಥಳಿಸುವುದನ್ನು ಬೆನ್ಸನ್ ಕಂಡರು. ಮನಸ್ಸು ಕಲಕಿತು. ಅಲ್ ಕ್ಲೀವ್‌ಲೆಂಡ್ ಜತೆ ಕೂತು ಹಾಡೊಂದನ್ನು ಬರೆಯತೊಡಗಿದರು. ಪ್ರತಿಭಟನೆಯ ಹಾಡು ನಮಗೆ ಬೇಡವೆಂದು ಉಳಿದ ಮೂವರು ನಿರಾಕರಿಸಿದರು. ಬೆನ್ಸನ್ ತಂಡ ಬಿಡಲಿಲ್ಲ, ಹಾಡನ್ನೂ ಬಿಡಲಿಲ್ಲ. ಅದು ಮಾರ್ವಿನ್ ಗೇ ಕೈಸೇರಿ, ಅವರು ಇನ್ನಷ್ಟು ತಿದ್ದಿ ಹಾಡಿದರು. 1971ರ 'ವಾಟ್ಸ್ ಗೋಯಿಂಗ್ ಆನ್' ಅದೇ. ಆ ಹೆಸರಿನ ಆಲ್ಬಮ್ಮನ್ನು 2020ರಲ್ಲಿ 'ರೋಲಿಂಗ್ ಸ್ಟೋನ್' ಪತ್ರಿಕೆ ತನ್ನ 500 ಶ್ರೇಷ್ಠ ಆಲ್ಬಮ್ಮುಗಳ ಪಟ್ಟಿಯಲ್ಲಿ ಮೊದಲನೆಯದಾಗಿ ಇರಿಸಿತು. ಫೋರ್ ಟಾಪ್ಸ್ ಹಾಡಿದ್ದರೆ ಏನಾಗುತ್ತಿತ್ತೋ, ಊಹೆಗೆ ಬಿಟ್ಟದ್ದು.

1972ರಲ್ಲಿ ಮೋಟೌನ್ ಲಾಸ್ ಏಂಜಲೀಸಿಗೆ ಸಾಗಿತು, ಇವರು ಹೋಗಲಿಲ್ಲ. ಬೇರೆ ಕಂಪನಿಗಳಲ್ಲಿ ಏಳುಬೀಳು ಕಂಡರು. 1986ರಲ್ಲಿ 'ಲಿಟಲ್ ಶಾಪ್ ಆಫ್ ಹಾರರ್ಸ್' ಚಲನಚಿತ್ರದ ನರಭಕ್ಷಕ ಗಿಡಕ್ಕೆ ಸ್ಟಬ್ಸ್ ದನಿ ಕೊಟ್ಟರು. (ಕೀಟಾಹಾರಿ ಸಸ್ಯಗಳ ಪಾಠ ಮಾಡುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ.) 1988ರ ಡಿಸೆಂಬರ್ 21ರಂದು ಲಂಡನ್ನಿನಿಂದ ಮರಳಲು ಅವರು ಪ್ಯಾನ್ ಆಮ್ 103 ವಿಮಾನದಲ್ಲಿ ಸ್ಥಳ ಕಾಯ್ದಿರಿಸಿದ್ದರು. ಕಾರ್ಯಕ್ರಮದ ಮುದ್ರಣ ತಡವಾಗಿ ವಿಮಾನ ತಪ್ಪಿತು. ಅದೇ ವಿಮಾನ ಲಾಕರ್ಬಿಯ ಮೇಲೆ ಬಾಂಬಿನಿಂದ ಸಿಡಿದು 270 ಮಂದಿ ಸತ್ತರು.

1997ರ ಜೂನ್‌ನಲ್ಲಿ ಪೇಟನ್ ಕ್ಯಾನ್ಸರಿನಿಂದ ತೀರಿಕೊಂಡಾಗ ಉಳಿದ ಮೂವರು ಕೆಲಕಾಲ ಬೇರೆಯವರನ್ನು ಸೇರಿಸಿಕೊಳ್ಳದೆ ಮೂವರೇ ಹಾಡಿದರು. 2000ದಲ್ಲಿ ಅನಾರೋಗ್ಯ ಸ್ಟಬ್ಸ್‌ರನ್ನು ವೇದಿಕೆಯಿಂದ ಇಳಿಸಿತು. 2005ರಲ್ಲಿ ಬೆನ್ಸನ್, 2008ರಲ್ಲಿ ಸ್ಟಬ್ಸ್ ಹೋದರು. ಬೆನ್ಸನ್‌ರ ಜಾಗಕ್ಕೆ ಬಂದವರು ಪೇಟನ್‌ರ ಮಗ ರೋಕೆಲ್. ತಂದೆಯ ಗೆಳೆಯನ ಪಕ್ಕದಲ್ಲಿ ಅವರು ವರ್ಷಗಟ್ಟಲೆ ಹಾಡಿದರು. ಮೊದಲ ನಾಲ್ವರಲ್ಲಿ ಕೊನೆಯವರಾದ ಫಕೀರ್ 2022ರಲ್ಲಿ ಆತ್ಮಕಥೆ ಪ್ರಕಟಿಸಿ, 2024ರ ಜುಲೈ 22ರಂದು ತಮ್ಮ 88ನೆಯ ವಯಸ್ಸಿನಲ್ಲಿ ಅದೇ ಡೆಟ್ರಾಯಿಟಿನಲ್ಲಿ ಕಣ್ಮುಚ್ಚಿದರು.