ಕೈ ಪಳಗಿದ್ದರೆ ಸಾಕೇ, ವಯಸ್ಸೂ ಪಳಗಬೇಕೇ?

“ನಮ್ಮ ಹುಡುಗ ಏಳನೇ ಕ್ಲಾಸಿನ್ಯಾಗ ಇದ್ದಾಗಿಂದ ಗಾಡಿ ಹೊಡಿತಾನ್ರಿ.” ಗದಗ ಜಿಲ್ಲೆಯ ಹಳ್ಳಿಗಳಲ್ಲಿ ಈ ಮಾತನ್ನು ಯಾರೂ ದೂರಿನ ದನಿಯಲ್ಲಿ ಹೇಳುವುದಿಲ್ಲ, ಹೆಮ್ಮೆಯಿಂದ ಹೇಳುತ್ತಾರೆ. ಹೊಲದ ದಾರಿಯಲ್ಲಿ ಅಪ್ಪನ ಟಿವಿಎಸ್ ಎಕ್ಸ್‌ಎಲ್ ಹತ್ತಿ ಕಲಿತ ಹುಡುಗ ಹದಿನೆಂಟು ತುಂಬುವ ಹೊತ್ತಿಗೆ ಐದಾರು ವರ್ಷದ ಅನುಭವಸ್ಥ. ಮನೆಯವರ ಲೆಕ್ಕದಲ್ಲಿ ವಯಸ್ಸು ಆರ್‌ಟಿಒ ಕಚೇರಿಯವರಿಗೆ ಬೇಕಾದ ಕಾಗದ, ಕೈಚಳಕವೇ ನಿಜವಾದ ಲೈಸೆನ್ಸ್. ಅದೇ ಮನೆಯ ಹಿರಿಯರಿಗೆ ಹೆಲ್ಮೆಟ್ ಹಾಕಿಕೊಳ್ಳಿ ಎಂದು ನೋಡಿ: “ಮೂವತ್ತು ವರ್ಷ ಆತು ಹೊಡಿಯಾಕ ಹತ್ತಿ, ನನಗ್ಯಾಕ?” ಅನ್ನುತ್ತಾರೆ. ಅಪ್ಪ ಮಗ ಇಬ್ಬರೂ ನಂಬಿರುವುದು ಒಂದನ್ನೇ: ಹೆಚ್ಚು ವರ್ಷ ಗಾಡಿ ಹೊಡೆದವನಿಗೆ ಅಪಾಯ ಕಡಿಮೆ.

ಈ ನಂಬಿಕೆಯನ್ನು ಒರೆಗೆ ಹಚ್ಚುವುದು ಸುಲಭವಲ್ಲ. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನಗಳ ಮೇಲಿದ್ದವರು. ರಸ್ತೆ ಅಪಘಾತದಲ್ಲಿ ಸತ್ತವರಲ್ಲಿ ಮೂವರಿಗೆ ಇಬ್ಬರು 18ರಿಂದ 45ರ ಒಳಗಿನವರು ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಇದನ್ನು ತೋರಿಸಿ ಎಳೆಯ ವಯಸ್ಸೇ ಅಪಾಯ ಎಂದುಬಿಡುವವರಿದ್ದಾರೆ. ಆದರೆ ದಿನಬೆಳಗಾದರೆ ಗಾಡಿ ಹತ್ತುವವರಲ್ಲಿ ಹೆಚ್ಚಿನವರೂ ಅದೇ ವಯಸ್ಸಿನವರಲ್ಲವೇ? ಸತ್ತವರನ್ನು ಮಾತ್ರ ಎಣಿಸಿದರೆ ಉತ್ತರ ಸಿಗದು. ಅದೇ ರಸ್ತೆಯಲ್ಲಿ ಹೋಗಿ ಸುಖವಾಗಿ ಮನೆ ಮುಟ್ಟಿದವರನ್ನೂ ಎಣಿಸಬೇಕು.

ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ 1993ರಿಂದ 1996ರವರೆಗೆ ಈ ಕೆಲಸ ನಡೆಯಿತು. ಅಪಘಾತದಲ್ಲಿ ಗಾಯಗೊಂಡ ಅಥವಾ ಸತ್ತ 463 ಸವಾರರ ವಿವರಗಳನ್ನು, ರಸ್ತೆ ಬದಿಯಲ್ಲಿ ನಿಂತು ಗೊತ್ತುಗುರಿಯಿಲ್ಲದೆ ಆರಿಸಿಕೊಂಡ 1,233 ಸವಾರರ ವಿವರಗಳ ಜೊತೆ ಹೋಲಿಸಿದರು. 2000ದಲ್ಲಿ ಪ್ರಕಟವಾದ ಫಲಿತಾಂಶ ನಮ್ಮ ಅಪ್ಪ ಮಗ ಇಬ್ಬರಿಗೂ ಹಿಡಿಸುವಂಥದ್ದಲ್ಲ. ಹದಿನೈದರಿಂದ ಹತ್ತೊಂಬತ್ತರ ಹುಡುಗರಿಗಿಂತ ಇಪ್ಪತ್ತೈದು ದಾಟಿದವರ ಅಪಾಯ ಅರ್ಧಕ್ಕೂ ಕಡಿಮೆ. ವಯಸ್ಸಿನ ಪಾಲನ್ನು ಲೆಕ್ಕದಿಂದ ತೆಗೆದಿಟ್ಟು ನೋಡಿದಾಗ, ಎಷ್ಟು ವರ್ಷದಿಂದ ಗಾಡಿ ಓಡಿಸುತ್ತಿದ್ದೀರಿ ಎಂಬುದರಿಂದ ಪ್ರಯೋಜನವೇ ಕಾಣಲಿಲ್ಲ. ಅನುಭವದ ಬಗೆಗಳಲ್ಲಿ ಒಂದೇ ಒಂದು ಗಟ್ಟಿಯಾಗಿ ಉಳಿಯಿತು. ಅದು ಆ ಒಂದು ಗಾಡಿಯ ಪರಿಚಯ. ತಾವು ಓಡಿಸುತ್ತಿದ್ದ ಅದೇ ಗಾಡಿಯ ಮೇಲೆ ಹತ್ತು ಸಾವಿರ ಕಿಲೋಮೀಟರ್ ಮೀರಿ ಸಾಗಿದವರಿಗೆ ಅಪಾಯ ಹೆಚ್ಚುಕಡಿಮೆ ಅರ್ಧಕ್ಕಿಳಿದಿತ್ತು.

ಸಮುದ್ರದ ಆಚೆ ಇನ್ನೊಂದು ಕಡೆಯಿಂದಲೂ ಇದೇ ಸುಳಿವು ಬಂದಿತ್ತು. ಲಾಸ್ ಏಂಜಲೀಸ್ ಸುತ್ತಮುತ್ತ ಹ್ಯಾರಿ ಹರ್ಟ್ ಮತ್ತು ಅವರ ತಂಡ ಸುಮಾರು 900 ಬೈಕ್ ಅಪಘಾತಗಳ ಜಾಗಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ವರದಿ ಕೊಟ್ಟಿತು. ಅಪಘಾತಕ್ಕೀಡಾದವರು ಸರಾಸರಿ ಸುಮಾರು ಮೂರು ವರ್ಷದ ಸವಾರರು. ಆದರೆ ಬಿದ್ದ ಆ ಗಾಡಿಯನ್ನು ಅವರಲ್ಲಿ ಅರ್ಧಕ್ಕೂ ಹೆಚ್ಚು ಜನ ಐದು ತಿಂಗಳೂ ಓಡಿಸಿರಲಿಲ್ಲ. ನೂರಕ್ಕೆ 92 ಮಂದಿ ತಾವೇ ಕಲಿತವರು ಅಥವಾ ಮನೆಯವರು, ಗೆಳೆಯರು ಕಲಿಸಿದವರು. ಈ ಕೊನೆಯ ಸಂಖ್ಯೆ ಲಕ್ಷ್ಮೇಶ್ವರದ್ದೆಂದರೂ ಯಾರೂ ಅನುಮಾನಪಡುವುದಿಲ್ಲ.

ಈಗ ನಮ್ಮ ಕಡೆಯ ಒಂದು ರೂಢಿಯನ್ನು ಇದರ ಪಕ್ಕ ಇಟ್ಟು ನೋಡಬೇಕು. ಇಲ್ಲಿ ಗಾಡಿ ಕೈಯಿಂದ ಕೈಗೆ ದಾಟುತ್ತಲೇ ಇರುತ್ತದೆ. ಶಿರಹಟ್ಟಿಗೆ ಹೋಗಿ ಬರಲು ಮಾವನ ಗಾಡಿ, ಮುಂಡರಗಿ ಸಂತೆಗೆ ಗೆಳೆಯನ ಗಾಡಿ, ಬೆಟಗೇರಿಯಲ್ಲಿ ಮದುವೆ ಇದ್ದರೆ ಯಾರ ಕೀಲಿ ಕೈಗೆ ಸಿಕ್ಕರೆ ಅದು. ಕೇಳಿದರೆ ಇಲ್ಲ ಅನ್ನುವುದು ಮರ್ಯಾದೆಯಲ್ಲ. ಆದರೆ ಆ ಗಾಡಿಗಳು ಒಂದೇ ಥರ ನಿಲ್ಲುವುದಿಲ್ಲ. 2019ರ ಏಪ್ರಿಲ್‌ನಿಂದ ಮಾರಾಟವಾಗುವ 125 ಸಿಸಿಗಿಂತ ದೊಡ್ಡ ಬೈಕುಗಳಿಗೆ ಚಕ್ರ ಬಿಗಿದುಕೊಂಡು ಜಾರದಂತೆ ತಡೆಯುವ ಎಬಿಎಸ್ ಕಡ್ಡಾಯ. ಅದಕ್ಕಿಂತ ಚಿಕ್ಕವಕ್ಕೆ, ಒಂದು ಬ್ರೇಕ್ ಒತ್ತಿದರೆ ಎರಡೂ ಚಕ್ರ ಹಿಡಿಯುವ ಸಿಬಿಎಸ್ ಆದರೂ ಇರಬೇಕು. ಆ ನಿಯಮಕ್ಕೂ ಹಳೆಯ ಸ್ಪ್ಲೆಂಡರಿನಲ್ಲಿ ಇವೆರಡೂ ಇಲ್ಲ. ಅಪ್ಪನ ಹಳೆ ಗಾಡಿಯ ಡ್ರಮ್ ಬ್ರೇಕನ್ನು ಪೂರಾ ಬಲ ಹಾಕಿ ಒತ್ತಿ ರೂಢಿಯಾದವನು ಗೆಳೆಯನ ಪಲ್ಸರ್‌ನ ಡಿಸ್ಕ್ ಬ್ರೇಕನ್ನು ಅದೇ ಬಲದಿಂದ ಹಿಡಿದರೆ ಏನಾದೀತು? ಪಲ್ಸರ್‌ಗೆ ಪಳಗಿದವನು ಎಕ್ಸ್‌ಎಲ್ ಹತ್ತಿ, ಈಗ ನಿಲ್ಲುತ್ತದೆ ಎಂದು ನಂಬಿದರೆ ಏನಾದೀತು? ಗಾಡಿ ಬದಲಾದಾಗ ಕೈಗೆ ಬಂದ ವಿದ್ಯೆಯೇ ಕೈ ಕೊಡುತ್ತದೆ.

ಬ್ರೇಕಿನ ವಿಷಯ ಬಂದದ್ದರಿಂದ ಒಂದು ಮಾತು. “ಮುಂದಿನ ಬ್ರೇಕ್ ಹಿಡಿಬ್ಯಾಡ, ಮುಗ್ಗರಿಸಿ ಬೀಳ್ತಿ” ಎಂಬ ಬುದ್ಧಿವಾದ ಎಲ್ಲ ಹಳ್ಳಿಗಳಲ್ಲೂ ಉಂಟು. ಆದರೆ ಗಾಡಿ ನಿಲ್ಲುವಾಗ ಭಾರ ಮುಂದಕ್ಕೆ ವಾಲುತ್ತದೆ, ಮುಂದಿನ ಚಕ್ರ ನೆಲವನ್ನು ಒತ್ತಿ ಹಿಡಿಯುತ್ತದೆ, ಹಿಂದಿನದು ಹಗುರಾಗುತ್ತದೆ. ಹಾಗಾಗಿ ನಿಲ್ಲಿಸುವ ಶಕ್ತಿಯ ದೊಡ್ಡ ಪಾಲು ಮುಂದಿನ ಚಕ್ರದಲ್ಲೇ ಇರುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಕಣ್ಣಿಗೆ ಬಿದ್ದದ್ದು ಕೈಗೆ ತಲುಪಲು ಒಂದು ಸೆಕೆಂಡ್ ಹಿಡಿದರೆ, ಬ್ರೇಕ್ ಮುಟ್ಟುವ ಮೊದಲೇ ಅಷ್ಟು ದೂರ ಕಳೆಯಿತು. ಒಣ ಡಾಂಬರಿನ ಮೇಲೆ ಎರಡೂ ಬ್ರೇಕ್ ಚೆನ್ನಾಗಿ ಬಳಸಿದರೆ ಅಲ್ಲಿಂದ ಮುಂದೆ ಇಪ್ಪತ್ತೈದು ಮೀಟರಿನೊಳಗೆ ನಿಲ್ಲಬಹುದು. ಹಿಂದಿನದನ್ನೇ ನಂಬಿದರೆ ನಲವತ್ತರ ಹತ್ತಿರ ಹೋಗುತ್ತದೆ. ಹರ್ಟ್ ವರದಿಯಲ್ಲೂ ಇದೇ ತಪ್ಪು ಕಾಣಿಸಿಕೊಂಡಿತ್ತು: ಗಾಬರಿಯಲ್ಲಿ ಹಿಂದಿನ ಚಕ್ರ ಬಿಗಿದು ಜಾರಿದವರು, ಮುಂದಿನ ಬ್ರೇಕನ್ನು ಬೇಕಾದಷ್ಟು ಹಿಡಿಯದವರು. ಅವರಿಗೆ ಯೋಚಿಸಿ ಏನಾದರೂ ಮಾಡಲು ಸಿಕ್ಕಿದ್ದು ಎರಡು ಸೆಕೆಂಡಿಗಿಂತಲೂ ಕಡಿಮೆ ಸಮಯ.

ಹಾಗಾದರೆ ಕೌಶಲ ಕಲಿಸಿಬಿಟ್ಟರೆ ಆಯಿತಲ್ಲ? ಇಲ್ಲೇ ತೊಡಕು. ಸವಾರರ ತರಬೇತಿಯ ಬಗ್ಗೆ ನಡೆದ 23 ಅಧ್ಯಯನಗಳನ್ನು 2010ರಲ್ಲಿ ಕಾಕ್ರೇನ್ ಸಂಸ್ಥೆಯ ಪರಿಶೀಲಕರು ಒಟ್ಟಿಗೆ ನೋಡಿದರು. ತರಬೇತಿಯಿಂದ ಅಪಘಾತ ಕಡಿಮೆಯಾಗುತ್ತದೆ ಎಂದು ಹೇಳಲು ಗಟ್ಟಿ ಆಧಾರ ಅವರಿಗೆ ಸಿಗಲಿಲ್ಲ. ನಾರ್ವೆಯಲ್ಲಿ ಹೊಸ ಕಾರು ಚಾಲಕರಿಗೆ ಜಾರುವ ರಸ್ತೆಯಲ್ಲಿ ಕಾರು ಸಂಭಾಳಿಸುವ ಪಾಠ ಕಡ್ಡಾಯ ಮಾಡಿದಾಗ ತರುಣರ ಅಪಘಾತಗಳು ಇಳಿಯುವ ಬದಲು ಏರಿದವು. ಜಾರಿದರೂ ಸಂಭಾಳಿಸುತ್ತೇನೆ ಎಂಬ ಧೈರ್ಯ ಬಂದವನು ಜಾರುವ ಕಡೆ ನಿಧಾನಿಸುವುದನ್ನು ಬಿಟ್ಟಿದ್ದ.

ವಯಸ್ಸು ಕೊಡುವುದು ಇದಕ್ಕೆ ಉಲ್ಟಾ ಗುಣವನ್ನು. ಆಸೆ ಎದ್ದಾಗ ಅದನ್ನು ಹಿಡಿದು ನಿಲ್ಲಿಸುವ, ಮುಂದಾಗುವುದನ್ನು ಅಳೆಯುವ ಮಿದುಳಿನ ಮುಂಭಾಗ ಪೂರ್ತಿ ಬಲಿಯಲು ಇಪ್ಪತ್ತರ ನಡುಭಾಗದವರೆಗೆ ಸಮಯ ಬೇಕು. 2005ರಲ್ಲಿ ಅಮೆರಿಕದ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞರು 306 ಜನರಿಗೆ ಕಾರು ಓಡಿಸುವ ಕಂಪ್ಯೂಟರ್ ಆಟ ಕೊಟ್ಟು ನೋಡಿದರು. ಒಬ್ಬರೇ ಆಡುವಾಗಿನದಕ್ಕಿಂತ ಗೆಳೆಯರು ಪಕ್ಕದಲ್ಲಿದ್ದಾಗ ಹದಿಹರೆಯದವರು ಹೆಚ್ಚು ಅಪಾಯ ಮೈಮೇಲೆ ಎಳೆದುಕೊಂಡರು. 24 ದಾಟಿದವರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಶಿರಹಟ್ಟಿ ಫಕೀರೇಶ್ವರ ಜಾತ್ರೆಗೋ ಲಕ್ಷ್ಮೇಶ್ವರದ ದೂದಪೀರಾಂ ಉರುಸಿಗೋ ಒಂದು ಗಾಡಿಯ ಮೇಲೆ ಮೂವರು ಕೂತು ಹೊರಟ ಹುಡುಗರನ್ನು ಕಂಡವರಿಗೆ ಇದನ್ನು ತಿಳಿಯಲು ಕಂಪ್ಯೂಟರ್ ಬೇಕಾಗಿರಲಿಲ್ಲ, ನಿಜ. ಆದರೆ ಮೂವರ ಭಾರಕ್ಕಿಂತ ಹಿಂದೆ ಕೂತ ಇಬ್ಬರ ಕಣ್ಣುಗಳೇ ದೊಡ್ಡ ಅಪಾಯವಾಗಬಲ್ಲವು ಎಂಬುದು ಎಲ್ಲರಿಗೂ ಹೊಳೆಯುವ ಮಾತಲ್ಲ.

ಈ ಸೀಮೆಯ ರಸ್ತೆ ಕೇಳುವುದೂ ಕೈಚಳಕಕ್ಕಿಂತ ಮುಂದಾಲೋಚನೆಯನ್ನು. ರಾಶಿಯ ದಿನಗಳಲ್ಲಿ ಡಾಂಬರಿನ ಅರ್ಧ ಭಾಗಕ್ಕೆ ಮೆಕ್ಕೆಜೋಳ ಹರವಿರುತ್ತಾರೆ, ಅಂಚಿಗೆ ಕಲ್ಲು ಜೋಡಿಸಿರುತ್ತಾರೆ. ಮಳೆ ಬಂದ ಮಾರನೆಯ ದಿನ ಹೊಲದಿಂದ ಏರಿದ ಟ್ರ್ಯಾಕ್ಟರಿನ ಗಾಲಿಗಳು ಎರೆಮಣ್ಣನ್ನು ರಸ್ತೆಗೆ ಮೆತ್ತಿರುತ್ತವೆ. ಮುಂಡರಗಿ ಕಡೆ ಕಬ್ಬು ಕಡಿಯುವ ಕಾಲಕ್ಕೆ, ಹಿಂದೆ ದೀಪವಿಲ್ಲದ ಟ್ರೇಲರುಗಳು ಕತ್ತಲಲ್ಲಿ ಗೋಡೆಯ ಹಾಗೆ ನಿಂತಿರುತ್ತವೆ. ಗದಗಿನ ಮೇಲೆ ಹಾದುಹೋಗುವ ಹುಬ್ಬಳ್ಳಿ–ಹೊಸಪೇಟೆ ಹೆದ್ದಾರಿ 67ರ ಲಾರಿಗಳದ್ದು ಬೇರೆಯೇ ಲೋಕ. ಹದಿನೆಂಟರವನ ಕೈ ಇದನ್ನೆಲ್ಲ ತಪ್ಪಿಸಿಕೊಂಡು ಹೋಗುವಷ್ಟು ಚುರುಕಾಗಿಯೇ ಇರುತ್ತದೆ. ತಿರುವಿನಾಚೆ ಟ್ರೇಲರ್ ನಿಂತಿರಬಹುದು ಎಂದು ಕಾಣುವ ಮೊದಲೇ ಆಕ್ಸಿಲರೇಟರ್ ಇಳಿಸುವುದು ಬೇರೆ ವಿದ್ಯೆ.

ಹಿಂದಿನ ತಲೆಮಾರಿಗೆ ಒಂದು ಅನುಕೂಲ ತಾನಾಗಿ ಒದಗಿತ್ತು. 1972ರಲ್ಲಿ ಬಂದ ಲೂನಾ, 1980ರ ಟಿವಿಎಸ್ 50 ಇಂಥ ಐವತ್ತು ಸಿಸಿಯ ಗಾಡಿಗಳಲ್ಲಿ ಕಲಿತವರು ಅವರು. ಎಷ್ಟು ತಿರುವಿದರೂ ವೇಗಕ್ಕೊಂದು ಮಿತಿ ಇತ್ತು. ಆಮೇಲೆ 1985ರ ಹೀರೋ ಹೋಂಡಾ ಸಿಡಿ 100, 1994ರ ಸ್ಪ್ಲೆಂಡರ್, 2001ರ ಪಲ್ಸರ್. ಗಾಡಿಯ ಶಕ್ತಿ ಏರುತ್ತಾ ಹೋದ ಹಾಗೆ ಅವರ ವಯಸ್ಸೂ ಏರುತ್ತಾ ಹೋಯಿತು. ಇಂದಿನ ಹುಡುಗನ ಮೊದಲ ಸ್ವಂತ ಗಾಡಿ ಎಷ್ಟೋ ಮನೆಗಳಲ್ಲಿ ನೇರ 150 ಸಿಸಿಯದು. ಯುರೋಪಿನ ದೇಶಗಳು 2013ರಿಂದ ಆ ಹಳೆಯ ಮೆಟ್ಟಿಲುಗಳನ್ನೇ ಕಾನೂನಾಗಿ ಕಟ್ಟಿವೆ. ಹದಿನಾರಕ್ಕೆ 125 ಸಿಸಿ, ಹದಿನೆಂಟಕ್ಕೆ ಮಧ್ಯಮ ಶಕ್ತಿಯದು. ದೊಡ್ಡ ಬೈಕ್ ಬೇಕೆಂದರೆ ಮಧ್ಯಮದಲ್ಲಿ ಎರಡು ವರ್ಷ ಕಳೆದು ಇಪ್ಪತ್ತು ತುಂಬಿರಬೇಕು, ನೇರವಾಗಿ ಬೇಕಾದರೆ ಇಪ್ಪತ್ನಾಲ್ಕು. ವಯಸ್ಸನ್ನೂ ಅನುಭವವನ್ನೂ ಒಟ್ಟಿಗೆ ತೂಗುವ ಈ ಏರ್ಪಾಡು ನಮ್ಮ ಕಾನೂನಿನಲ್ಲಿ ಹೆಸರಿಗೆ ಮಾತ್ರ ಇದೆ. ಹದಿನಾರಕ್ಕೆ ಗೇರಿಲ್ಲದ ಐವತ್ತು ಸಿಸಿ ಗಾಡಿ ಓಡಿಸಬಹುದು, ಆದರೆ ಈಗಿನ ಎಕ್ಸ್‌ಎಲ್ ಕೂಡ 100 ಸಿಸಿಯ ಹತ್ತಿರದ್ದು! ಹದಿನೆಂಟು ತುಂಬಿದ ಮೇಲೆ ಯಾವ ಮೆಟ್ಟಿಲೂ ಇಲ್ಲ. ಒಮ್ಮೆ ಗೇರ್ ಗಾಡಿಯ ಲೈಸೆನ್ಸ್ ಕೈಗೆ ಬಂದರೆ ಎಷ್ಟು ದೊಡ್ಡದನ್ನಾದರೂ ಹತ್ತಬಹುದು.

ಹದಿನೆಂಟಕ್ಕಿಂತ ಮೊದಲೇ ಹತ್ತಿಸಿದವರಿಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಕಠಿಣವಾಗಿಯೇ ಇದೆ. ಅಪ್ರಾಪ್ತ ಹುಡುಗ ತಪ್ಪು ಮಾಡಿದರೆ ಪಾಲಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಆ ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಆಕ್ಲೆಂಡಿನ ಲೆಕ್ಕದಲ್ಲಿ ಅಪಾಯ ಅರ್ಧಕ್ಕಿಳಿದ ಗೆರೆಯೂ ಇದೇ ವಯಸ್ಸು.

ಅಪ್ಪನ ಸರದಿಯೂ ಇದೆ. ವಯಸ್ಸಿನ ಕೊಡುಗೆ ಕೊನೆಯಿಲ್ಲದ್ದಲ್ಲ. 2001ರಿಂದ 2008ರವರೆಗಿನ ಅಮೆರಿಕದ ಅಂಕಿಅಂಶಗಳನ್ನು ನೋಡಿದ ಒಂದು ಅಧ್ಯಯನದ ಪ್ರಕಾರ, ಅಪಘಾತದ ನಂತರ ಆಸ್ಪತ್ರೆಗೆ ದಾಖಲಾಗುವ ಸಂಭವ ಇಪ್ಪತ್ತು ಮೂವತ್ತರವರಿಗಿಂತ ಅರವತ್ತು ದಾಟಿದವರಲ್ಲಿ ಮೂರು ಪಟ್ಟು. ಬೀಳುವುದು ಕಡಿಮೆಯಾಗಬಹುದು, ಬಿದ್ದರೆ ಪಕ್ಕೆಲುಬು ಮುರಿಯುತ್ತದೆ, ಮಿದುಳಿಗೆ ಪೆಟ್ಟು ತಾಗುತ್ತದೆ. ಪೊರೆ ಬಂದ ಕಣ್ಣಿಗೆ ಎದುರಿನ ಲಾರಿಯ ದೀಪ ಇನ್ನಷ್ಟು ಕುಕ್ಕುತ್ತದೆ. ಮೂವತ್ತು ವರ್ಷದ ಅನುಭವಕ್ಕೆ ಹೆಲ್ಮೆಟ್ ಬೇಡ ಎನ್ನುವವರಿಗೇ ಅದು ಹೆಚ್ಚು ಬೇಕು. ಹೆಲ್ಮೆಟ್ ಸಾವಿನ ಸಂಭವವನ್ನು ನೂರಕ್ಕೆ 42ರಷ್ಟು, ತಲೆಗೆ ಬೀಳುವ ಪೆಟ್ಟನ್ನು 69ರಷ್ಟು ತಗ್ಗಿಸುತ್ತದೆ ಎಂದು ಕಾಕ್ರೇನ್ 2008ರಲ್ಲೇ ಲೆಕ್ಕ ಹಾಕಿದೆ.

ಇಷ್ಟು ಚರ್ಚೆಯಲ್ಲಿ ಹಿಂದಿನ ಸೀಟಿನವರು ಹೊರಗೇ ಉಳಿದರು. ಒಂದು ಕಡೆಗೆ ಕಾಲು ಹಾಕಿ, ಸೀರೆಯ ಸೆರಗು ಬಿಗಿಹಿಡಿದು, ಮಡಿಲಲ್ಲಿ ಮಗು ಇಟ್ಟುಕೊಂಡು ಕೂತ ತಾಯಿಗೆ ತನ್ನ ವಯಸ್ಸಾಗಲಿ ಕೌಶಲವಾಗಲಿ ನೆರವಿಗೆ ಬಾರದು. ಹೆಲ್ಮೆಟ್ ಇಲ್ಲದೆ 2022ರಲ್ಲಿ ದೇಶದಲ್ಲಿ ಸತ್ತ 50,029 ಜನರಲ್ಲಿ 14,337 ಮಂದಿ ಹಿಂದೆ ಕೂತವರು. ಕರ್ನಾಟಕದಲ್ಲಿ ಅವರಿಗೂ ಹೆಲ್ಮೆಟ್ ಕಡ್ಡಾಯವಾಗಿದ್ದು 2016ರ ಜನವರಿಯಲ್ಲಿ. ನಾಲ್ಕು ವರ್ಷದೊಳಗಿನ ಮಗುವನ್ನು ಕೂರಿಸಿಕೊಂಡರೆ, ಅದನ್ನು ಸವಾರನಿಗೆ ಕಟ್ಟುವ ಬೆಲ್ಟ್ ಇರಬೇಕು ಎಂಬ ಕೇಂದ್ರದ ನಿಯಮ 2023ರ ಫೆಬ್ರುವರಿಯಿಂದ ಜಾರಿಯಲ್ಲಿದೆ. ಒಂಬತ್ತು ತಿಂಗಳು ದಾಟಿದ ಮಗುವಿಗೆ ಅದರ ಅಳತೆಯ ಹೆಲ್ಮೆಟ್ ಬೇಕು. ಮಗು ಗಾಡಿಯ ಮೇಲಿರುವಾಗ ಓಡಿಸುವವನಿಗೆ ಹದಿನೆಂಟೇ ಇರಲಿ, ಐವತ್ತೆಂಟೇ ಇರಲಿ, ಗಂಟೆಗೆ 40 ಕಿಲೋಮೀಟರ್ ದಾಟುವಂತಿಲ್ಲ.